ಗೊಡವೆ ಇಲ್ಲದ ಚಾಕು

ನಾನು ನೌಕರಿಯಿಂದ ನಿವೃತ್ತನಾದ ದಿನ, 2019ರಲ್ಲಿ, ಮಗ ನನಗೊಂದು ಮಡಚುವ ಚಾಕು ತಂದುಕೊಟ್ಟ. ನೋಡಲಿಕ್ಕೆ ಹಳೆಯ ಕಾಲದ್ದೇ. ಕಟ್ಟಿಗೆಯ ಹಿಡಿಕೆ, ಅದರ ತುದಿಗೆ ಹಿತ್ತಾಳೆಯ ಕಟ್ಟು, ಅಲಗು ಬಿಡಿಸಲು ಉಗುರು ಸಿಕ್ಕಿಸುವ ಸಣ್ಣ ಗೀರು. ಊರಲ್ಲಿ ನಮ್ಮಪ್ಪನ ಕಿಸೆಯಲ್ಲಿ ಇರುತ್ತಿದ್ದ ಚಾಕುವಿಗೆ ಇದು ದೂರದ ಬಳಗ ಅನ್ನಬಹುದು. ಆದರೆ ಅಲಗು ಬಿಡಿಸಿ ನೋಡಿದರೆ, ಹಿಡಿಕೆಯ ಕಡೆಯ ಅರ್ಧ ಭಾಗಕ್ಕೆ ಗರಗಸದಂಥ ಹಲ್ಲು.

"ಅಪ್ಪಾ, ಇದಕ ಸಾಣಿ ಹಿಡಿಯೋ ಗೊಡವಿನೇ ಇಲ್ಲ" ಅಂದ.

ಅವನು ಹಾಗೆ ಅಂದದ್ದಕ್ಕೆ ಕಾರಣವಿತ್ತು. ಮೂವತ್ತಾರು ವರ್ಷ ಪುಣೆಯ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಗ್ರೈಂಡಿಂಗ್ ಮಷೀನಿನ ಮುಂದೆ ನಿಂತವನು ನಾನು. ಮನೆಗೆ ಬಂದರೆ ಅಲ್ಲಿಯೂ ತಿಂಗಳಿಗೊಮ್ಮೆ ಬಾಲ್ಕನಿಯಲ್ಲಿ ಕೂತು ಅಪ್ಪನ ಚಾಕುವನ್ನು ಕಲ್ಲಿಗೆ ತಿಕ್ಕುತ್ತಿದ್ದೆ. ಇನ್ನಾದರೂ ಈ ಮನುಷ್ಯ ಕೈಕಾಲು ಚಾಚಿ ಕೂಡ್ರಲಿ ಎಂಬುದು ಮಗನ ಆಸೆ. ಒಳ್ಳೆಯ ಆಸೆಯೇ. ಆದರೆ ಆ 'ಗೊಡವೆ' ಎಂಬ ಶಬ್ದ ನನ್ನ ತಲೆಯಲ್ಲಿ ಹೊಕ್ಕು ಕೂತಿತು.

ವಿಚಿತ್ರವಾದ ಶಬ್ದ ಅದು. ಕಾಟ, ಉಸಾಬರಿ ಎಂಬ ಅರ್ಥವೂ ಅದಕ್ಕಿದೆ. ಸಂಬಂಧ, ಆಸ್ಥೆ ಎಂಬ ಅರ್ಥವೂ ಇದೆ. 'ಅವರ ಗೊಡವಿ ನಮಗ ಬ್ಯಾಡ' ಎಂದಾಗ ಕಾಟವನ್ನೂ ಸಂಬಂಧವನ್ನೂ ಒಂದೇ ಏಟಿಗೆ ಕಡಿದುಕೊಂಡಿರುತ್ತೇವೆ. ಹಾಗಾದರೆ ಯಾವ ಗೊಡವೆಯೂ ಇಲ್ಲದ ವಸ್ತು, ನಮ್ಮಿಂದ ಏನನ್ನೂ ಕೇಳದ ವಸ್ತು, ನಮಗೆ ಒಳ್ಳೆಯದು ಮಾಡುತ್ತದೆಯೋ ಕೆಟ್ಟದ್ದೋ? ಚಾಕು ಒಂದು ನೆಪ ಎಂದು ನೀವು ಅನ್ನಬಹುದು. ನೆಪವಲ್ಲ. ಚಾಕುವಿನಿಂದಲೇ ನನಗೆ ಇದು ತಿಳಿಯಬೇಕಾಗಿತ್ತು. ಬೇರೆ ಯಾವುದರಿಂದಲೂ ತಿಳಿದಿರಲಿಲ್ಲ.

ಅಪ್ಪನ ಚಾಕುವನ್ನು ಅವನು ಬೆಳಗಾವಿಯ ಪೇಟೆಯಲ್ಲಿ ಕೊಂಡದ್ದು ನಾನು ಹುಟ್ಟುವುದಕ್ಕಿಂತ ಮೊದಲು. ಎಲೆಯ ತೊಟ್ಟು ಚಿವುಟುವುದರಿಂದ ಹಿಡಿದು ಎತ್ತಿನ ಹಗ್ಗ ಕೊಯ್ಯುವತನಕ, ಬಾರುಕೋಲಿನ ತುದಿ ಕೆತ್ತುವುದು, ಕಬ್ಬಿನ ಸಿಪ್ಪೆ ಹೆರೆಯುವುದು, ಮಕ್ಕಳ ಕಾಲಿನ ಮುಳ್ಳು ತೆಗೆಯುವುದು, ಎಲ್ಲಕ್ಕೂ ಅದೊಂದೇ. ಅಮಾವಾಸ್ಯೆಗೊಮ್ಮೆ ಬಾವಿಯ ಕಟ್ಟೆಯ ಮೇಲೆ ನೀರು ಚಿಮುಕಿಸಿ ಮಸೆಯುತ್ತಿದ್ದ. ಧಾರೆ ಬಂತೋ ಇಲ್ಲವೋ ಎಂದು ಹೆಬ್ಬೆರಳಿನ ಉಗುರಿನ ಮೇಲೆ ಇಟ್ಟು ನೋಡುತ್ತಿದ್ದ. ಉಗುರಿಗೆ ಕಚ್ಚಿ ನಿಂತರೆ ಸರಿ, ಜಾರಿದರೆ ಮತ್ತೆ ಕಲ್ಲು. ಅವನು 2006ರಲ್ಲಿ ತೀರಿಕೊಂಡಾಗ ಅಣ್ಣ ಹೊಲ-ಮನೆ ನೋಡಿಕೊಳ್ಳಲಿಕ್ಕೆ ಅಲ್ಲೇ ಇದ್ದ. ನಾನು ಚಾಕು ಕೇಳಿ ತಂದುಕೊಂಡೆ. ಮಸೆದು ಮಸೆದು ಅದರ ಅಲಗು ಅರ್ಧ ಅಗಲಕ್ಕೆ ಇಳಿದಿತ್ತು. ನಡುವೆ ಸವೆದು ಬಳುಕಿದ ಆ ಆಕಾರ ಯಾವ ಕಾರ್ಖಾನೆಯಲ್ಲೂ ಮಾಡಿದ್ದಲ್ಲ, ಅಪ್ಪನ ಕೈ ಮಾಡಿದ್ದು.

ಮಡಚುವ ಚಾಕುಗಳ ವಂಶ ದೊಡ್ಡದು. ಫ್ರಾನ್ಸಿನ ಸವೋಯ್ ಗುಡ್ಡಗಾಡಿನಲ್ಲಿ ಝೋಸೆಫ್ ಒಪಿನೆಲ್ ಎಂಬವನು 1890ರಲ್ಲಿ ಮಾಡಿದ ಕಟ್ಟಿಗೆ ಹಿಡಿಕೆಯ ಚಾಕು ಇವತ್ತಿಗೂ ಹೆಚ್ಚುಕಡಿಮೆ ಹಾಗೆಯೇ ಬರುತ್ತಿದೆ. ಅಲಗು ಕೈಮೇಲೆ ಮಡಚಿಕೊಳ್ಳದಿರಲೆಂದು 1955ರಲ್ಲಿ ಒಂದು ತಿರುಗುವ ಬಳೆ ಸೇರಿಸಿದರು, ಅಷ್ಟೇ. ಸ್ವಿಸ್ ಸೈನಿಕರಿಗೆ 1891ರಿಂದ ಕಿಸೆಚಾಕು ಕೊಡುತ್ತ ಬಂದರು. ಜಪಾನಿನ ಮಿಕಿ ಊರಿನಲ್ಲಿ ಹಿಗೊನೊಕಾಮಿ ಎಂಬ ಚಾಕು ಮಾಡುತ್ತಾರೆ, ಒಂದು ತಗಡನ್ನು ಮಡಚಿದರೆ ಅದೇ ಹಿಡಿಕೆ. ನಮ್ಮಲ್ಲಿ ರಾಮಪುರದ್ದು; ಅದನ್ನು ಹಿಂದಿ ಸಿನಿಮಾದವರು ಗೂಂಡಾಗಳ ಕೈಗೆ ಕೊಟ್ಟು ಹೆಸರು ಕೆಡಿಸಿದರು. ಇವೆಲ್ಲ ಹುಟ್ಟುವಾಗ ನುಣ್ಣನೆಯ ಅಲಗಿನವೇ. ಪೂರ್ತಿ ಹಲ್ಲಿನ ಮಡಚುವ ಚಾಕುವನ್ನು ಅಮೆರಿಕದ ಸ್ಪೈಡರ್ಕೋ ಕಂಪನಿ 1982ರಲ್ಲಿ ಹಡಗಿನವರನ್ನು ಮನಸ್ಸಿನಲ್ಲಿಟ್ಟು ಮಾರುಕಟ್ಟೆಗೆ ತಂದಿತು. ಸ್ವಿಸ್ ಸೈನ್ಯದ 2008ರ ಮಾದರಿಯ ಚಾಕುವಿಗೂ ಹಲ್ಲು ಬಂತು. ಒಪಿನೆಲ್‌ನವರೂ ಅರ್ಧ ಹಲ್ಲಿನ ಒಂದು ಮಾದರಿ ತಂದರು. ಹೊಸ ಹಲ್ಲು ಹಳೆಯ ಬಾಯಿಗೆ ಕೂತದ್ದು ಹೀಗೆ.

ಹಲ್ಲು ಯಾಕೆ ಕೊಯ್ಯುತ್ತದೆ ಎಂಬುದನ್ನು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನ ಮಾತು ತಿಳಿಯುವುದಿಲ್ಲ. ನುಣ್ಣನೆಯ ಅಲಗು ಪೂರ್ತಿ ಉದ್ದಕ್ಕೂ ಮಣೆಯನ್ನು, ತಾಟನ್ನು, ಎಲುಬನ್ನು ಮುಟ್ಟುತ್ತದೆ. ಪೂರ್ತಿ ಉದ್ದಕ್ಕೂ ಮೊಂಡಾಗುತ್ತದೆ. ಹಲ್ಲಿನ ಅಲಗಿನಲ್ಲಿ ಮಣೆಗೆ ತಾಗುವುದು ತುದಿಗಳು ಮಾತ್ರ. ಎರಡು ಹಲ್ಲುಗಳ ನಡುವಿನ ಬಾಗಿನಲ್ಲಿ ಇರುವ ಧಾರೆ ಒಳಗೆ ಅಡಗಿ ಸುರಕ್ಷಿತವಾಗಿರುತ್ತದೆ. ತುದಿ ಚುಚ್ಚಿ ಹಿಡಿಯುತ್ತದೆ, ಬಾಗು ಎಳೆದು ಕೊಯ್ಯುತ್ತದೆ. ಒದ್ದೆ ಹಗ್ಗ, ನೈಲಾನ್, ಗಟ್ಟಿ ಸಿಪ್ಪೆಯ ಬ್ರೆಡ್, ಮೆತ್ತನೆ ಟೊಮ್ಯಾಟೊ, ಇಂಥವಕ್ಕೆ ಇದಕ್ಕಿಂತ ಚೊಲೋ ಇಲ್ಲ. ತುದಿಗಳು ಮೊಂಡಾದ ಮೇಲೂ ಬಹಳ ದಿನ ಹರಿದುಕೊಂಡೇ ಕೆಲಸ ನಡೆಸುತ್ತದೆ. ಕಲ್ಲು ಹಿಡಿದು ಕೂಡ್ರಲಿಕ್ಕೆ ಪುರುಸೊತ್ತಿಲ್ಲದವರಿಗೆ, ಅಂದರೆ ಹಡಗಿನವನಿಗೆ, ಸೈನಿಕನಿಗೆ, ಅಪಘಾತವಾದ ಗಾಡಿಯಲ್ಲಿ ಬೆಲ್ಟ್ ಕೊಯ್ದು ಮನುಷ್ಯನನ್ನು ಹೊರಗೆಳೆಯುವವನಿಗೆ ಅದು ಆಪದ್ಬಂಧುವೇ. ಅದನ್ನು ಹೀಗಳೆಯುವ ಹಕ್ಕು ನನಗಿಲ್ಲ.

ಆದರೂ ಹೀಗಳೆದೆ. ಮಗನ ಎದುರಲ್ಲ, ಮನಸ್ಸಿನಲ್ಲಿ. ನುಣ್ಣನೆಯ ಅಲಗು ಪ್ರಾಮಾಣಿಕವಾದದ್ದು ಅಂದುಕೊಂಡೆ. ಮೊಂಡಾಗುತ್ತಿದ್ದಂತೆ ಹೇಳಿಬಿಡುತ್ತದೆ, ಬದನೆಕಾಯಿಯ ಸಿಪ್ಪೆಯ ಮೇಲೆ ಜಾರಿ ಹೇಳುತ್ತದೆ. ತಿಂಗಳಿಗೆ ಹತ್ತು ನಿಮಿಷ ಬೇಡುತ್ತದೆ, ಬೇಡಿದ್ದನ್ನು ಕೊಟ್ಟರೆ ಒಂದು ಆಯುಷ್ಯ ಬಾಳುತ್ತದೆ. ಹಲ್ಲಿನದು ಏನೂ ಬೇಡುವುದಿಲ್ಲ, ಒಂದು ದಿನ ಕೈಕೊಡುತ್ತದೆ, ಆಗ ಬಿಸಾಡಿ ಹೊಸದು ತರಬೇಕು. ಹೀಗೆ ಯೋಚಿಸುತ್ತ ಎರಡು ಪೀಳಿಗೆಯ ನಡತೆಯನ್ನೇ ಎರಡು ಅಲಗಿನ ಮೇಲೆ ಹೊರಿಸಿ, ನಾನು ಯಾವ ಕಡೆ ಎಂಬುದನ್ನೂ ನಾನೇ ತೀರ್ಮಾನ ಮಾಡಿಕೊಂಡೆ. ಮುದುಕರಾಗುವವರಿಗೆ ಈ ಸುಖ ಬಹಳ ಸಸ್ತಾ ಸಿಗುತ್ತದೆ.

ಮಗನ ಚಾಕು ಮೂರು ವರ್ಷ ಅಡುಗೆಮನೆಯಲ್ಲಿ ದುಡಿಯಿತು. 2022ರಲ್ಲಿ ಒಂದು ದಿನ ಬಟ್ಟೆ ಒಣಹಾಕುವ ನೈಲಾನ್ ಹಗ್ಗ ಕೊಯ್ಯಲು ಹೋದಾಗ ಹಲ್ಲು ಹಿಡಿಯಲಿಲ್ಲ. ಒತ್ತಿದೆ. ಜಾರಿ ಎಡಗೈಯ ಬೆರಳಿಗೆ ಬಂತು. ಟೂಲ್ ರೂಮಿನಲ್ಲಿ ಹೊಸ ಹುಡುಗರಿಗೆ ನಾನೇ ಹೇಳುತ್ತಿದ್ದ ಮಾತು: ಕೈ ಕೊಯ್ಯುವುದು ಹರಿತವಾದದ್ದಲ್ಲ, ಮೊಂಡಾದದ್ದು, ಅದನ್ನು ಒತ್ತಬೇಕಾಗುತ್ತದೆ. ಭೂತಗನ್ನಡಿ ಹಿಡಿದು ನೋಡಿದೆ. ತುದಿಗಳೆಲ್ಲ ಉರುಟಾಗಿದ್ದವು. ಎಂದಿನಿಂದಲೋ ಆಗಿರಬೇಕು. ನಾನು ನೋಡಿರಲಿಲ್ಲ, ಯಾಕೆಂದರೆ ಅದು ಕೊಯ್ಯುತ್ತಿತ್ತು.

ನಮ್ಮ ಸೊಸೈಟಿಯ ಗೇಟಿಗೆ ವಾರಕ್ಕೊಮ್ಮೆ ಸೈಕಲ್ಲಿನ ಸಾಣೆಯವನು ಬರುತ್ತಾನೆ. ಸೈಕಲ್ ಸ್ಟ್ಯಾಂಡ್ ಹಾಕಿ, ಅದರ ಮೇಲೆಯೇ ಕೂತು ಪೆಡಲು ತುಳಿದು ಕಲ್ಲು ತಿರುಗಿಸುತ್ತಾನೆ. ಅವನು ಚಾಕು ಬಿಡಿಸಿ ನೋಡಿ ತಿರುಗಿ ಕೊಟ್ಟ. "ಯೇ ದಾಂತ್‌ವಾಲಾ ನಹೀ ಹೋತಾ ಸಾಬ್, ದಾಂತ್ ಚಲೇ ಜಾಯೇಂಗೇ." ಅವನು ಹೇಳಿದ್ದು ಖರೆ. ತಿರುಗುವ ಕಲ್ಲಿಗೆ ಹಿಡಿದರೆ ಹಲ್ಲುಗಳೆಲ್ಲ ನೆಲಸಮವಾಗುತ್ತವೆ. ಹಲ್ಲಿನ ಅಲಗನ್ನು ಒಂದೇ ಮಗ್ಗುಲಿಗೆ ತೋಡಿರುತ್ತಾರೆ. ಆ ಮಗ್ಗುಲಿನಿಂದಲೇ ತೆಳ್ಳನೆಯ ದುಂಡು ಸಲಾಕೆಯಿಂದ ಒಂದೊಂದು ಬಾಗನ್ನೂ ಬೇರೆಬೇರೆಯಾಗಿ ತಿದ್ದಬೇಕು, ಆಮೇಲೆ ಚಪ್ಪಟೆ ಮಗ್ಗುಲಿಗೆ ಎದ್ದ ಬರ್ ಅನ್ನು ಮೆಲ್ಲಗೆ ತೆಗೆಯಬೇಕು. ಗೊಡವೆ ಇಲ್ಲದ ಚಾಕು, ಗೊಡವೆ ಬಂದಾಗ ನುಣ್ಣನೆಯ ಅಲಗಿನ ಹತ್ತುಪಟ್ಟು ಬೇಡುತ್ತದೆ.

ಅವನ ಸೈಕಲ್ಲು ಹೋದ ಮೇಲೆ ಗೇಟಿನಲ್ಲಿ ಹಾಗೇ ನಿಂತಿದ್ದಾಗ, ಇಷ್ಟು ವರ್ಷ ಮರೆತಿದ್ದ ಒಂದು ಶಬ್ದ ನೆನಪಾಯಿತು. ಕಕ್ಕು.

ನಮ್ಮೂರಲ್ಲಿ ಹಲ್ಲಿನ ಅಲಗು ಹೊಸದಾಗಿರಲಿಲ್ಲ. ಕುಡುಗೋಲಿಗೆ ಹಲ್ಲು ಇರುತ್ತಿತ್ತು, ಅದಕ್ಕೆ ಕಕ್ಕು ಅನ್ನುತ್ತಿದ್ದರು. ಬೀಸುವ ಕಲ್ಲು ನುಣುಪಾದರೆ ಅದಕ್ಕೂ ಕಕ್ಕು ಹಾಕಿಸಬೇಕು. ಹಿಡಿಕೆಯ ಕಡೆಗೆ ಬಾಗಿದ ಆ ಸಣ್ಣ ಹಲ್ಲುಗಳು ಜೋಳದ ದಂಟನ್ನೋ ನೆಲ್ಲಿನ ಹಿಡಿಯನ್ನೋ ಜಾರದಂತೆ ಹಿಡಿದು ಒಂದೇ ಎಳೆತಕ್ಕೆ ಕೊಯ್ಯುತ್ತಿದ್ದವು. ಸುಗ್ಗಿ ಇನ್ನೇನು ಹದಿನೈದು ದಿನ ಅನ್ನುವಾಗ ಮನೆಯ ಕುಡುಗೋಲುಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ಅಪ್ಪ ನನ್ನ ತಲೆಯ ಮೇಲೆ ಹೊರಿಸುತ್ತಿದ್ದ. "ಕಮ್ಮಾರ ಕಾಕಾನ ಕಡೆ ಕೊಟ್ಟು ಬಾ, ಕಕ್ಕ ಹಾಕ್ಸಬೇಕಂತ ಹೇಳು." ಕಾಕಾ ಅದನ್ನು ಕುಲುಮೆಯಲ್ಲಿ ಕಾಯಿಸಿ, ಬಡಿದು, ಸಣ್ಣ ಉಳಿ ಹಿಡಿದು ಒಂದೊಂದೇ ಹಲ್ಲು ಹೊಡೆಯುತ್ತಿದ್ದ. ಟಕ್ ಟಕ್ ಟಕ್. ಒಂದು ಕುಡುಗೋಲಿಗೆ ಎಷ್ಟು ಹಲ್ಲೋ, ನಾವು ಹುಡುಗರು ಎಣಿಸಲು ಹೋಗಿ ತಪ್ಪುತ್ತಿದ್ದೆವು. ಅಂದರೆ ಹಲ್ಲಿಗೂ ಗೊಡವೆ ಇತ್ತು, ವರ್ಷವರ್ಷವೂ ಇತ್ತು. ಹಲ್ಲು ಅಪ್ರಾಮಾಣಿಕ, ನುಣುಪು ಪ್ರಾಮಾಣಿಕ ಎಂಬ ನನ್ನ ತೀರ್ಪು ಗೇಟಿನಲ್ಲಿ ನಿಂತಲ್ಲೇ ಬಿದ್ದುಹೋಯಿತು.

ಆ ವರ್ಷ ದೀಪಾವಳಿಗೆ ಊರಿಗೆ ಹೋದೆವು. ಕೋವಿಡ್ ಬಂದ ಮೇಲೆ ಮೊದಲ ಸಲ. ಈ ನಡುವೆ ಪ್ರತಿ ರವಿವಾರ ಅವ್ವನಿಗೆ ಫೋನು ಮಾಡುತ್ತಿದ್ದೆ, ಒಂದೂ ತಪ್ಪಿಸಿಲ್ಲ. "ನಂದೇನೈತಿ ತಮ್ಮಾ, ಆರಾಮ ಅದೀನಿ. ನನ್ನ ಗೊಡವಿ ಬಿಡು, ನೀವು ಚೊಲೋ ಇರ್ರಿ" ಅನ್ನುತ್ತಿದ್ದಳು. ಧ್ವನಿ ಗಟ್ಟಿಯಿತ್ತು. ಅಷ್ಟರಲ್ಲಿ ನನಗೆ ಸಮಾಧಾನ. ಮನೆಗೆ ಹೋಗಿ ನೋಡಿದರೆ ಅವ್ವ ಗೋಡೆ ಹಿಡಿದು ಹಿಡಿದು ನಡೆಯುತ್ತಿದ್ದಾಳೆ. ನಡುಮನೆಯಿಂದ ಬಚ್ಚಲತನಕ ಗೋಡೆಯ ಸುಣ್ಣದ ಮೇಲೆ ಅವಳ ಕೈ ಹಿಡಿದಲ್ಲೆಲ್ಲ ಕಪ್ಪು ಗೆರೆ ಬಿದ್ದಿದೆ. ಒಂದು ದಿನದಲ್ಲಿ ಬೀಳುವ ಗೆರೆಯಲ್ಲ. ಎಡಗಣ್ಣು ಪೂರ್ತಿ ಮಸುಕು. ನನ್ನ ಮುಖವನ್ನು ಕೈಯಿಂದ ಸವರಿ ನೋಡಿ "ಸೊರಗೀಯಲ್ಲೋ" ಎಂದಳು. ನಾನು ಸೊರಗಿರಲಿಲ್ಲ.

ಅಣ್ಣನ ಮೇಲೆ ಸಿಟ್ಟು ಬಂತು. ಹಿತ್ತಲಿಗೆ ಕರೆದು, "ಯಾಕ ಹೇಳಲಿಲ್ಲ ನೀ?" ಎಂದೆ.

ಅಣ್ಣ ಮೇವು ಕತ್ತರಿಸುತ್ತಿದ್ದವನು ಕೈ ನಿಲ್ಲಿಸಲಿಲ್ಲ. "ಅಕಿ ಬ್ಯಾಡ ಅಂದ್ಲು. ಫೋನ್ ನೀ ಅಕೀಗ ಮಾಡ್ತಿದ್ದಿ. ನನ್ನ ಯಾವಾಗ ಕೇಳಿದಿ?"

ಎರಡು ವರ್ಷ ರವಿವಾರದ ಫೋನುಗಳಲ್ಲಿ ಅವ್ವ ಹರಿದುಕೊಂಡೇ ಕೆಲಸ ನಡೆಸಿದ್ದಳು. ಅದನ್ನು ನಾನು ಧಾರೆ ಎಂದು ತಿಳಿದಿದ್ದೆ. ದೂರದಲ್ಲಿರುವ ನಮ್ಮಂಥವರು ಬಹಳ ಜನ ಹೀಗೆಯೇ ಬದುಕಿದ್ದೇವೆ ಎಂದು ನನಗೆ ಅನ್ನಿಸುತ್ತದೆ. ಊರಿನವರು ಏನೂ ಕೇಳುವುದಿಲ್ಲ. ಕೇಳದೆ ಇರುವುದನ್ನು ನಾವು ಬೇಕಾಗಿಲ್ಲ ಎಂದು ಓದಿಕೊಳ್ಳುತ್ತೇವೆ. ಓದುವುದರಲ್ಲಿ ನಮಗೆ ಅನುಕೂಲವೂ ಇರುತ್ತದೆ. ಅವ್ವನದು ಮಾತ್ರ ತಪ್ಪು ಎಂದೂ, ನಮ್ಮದು ಮಾತ್ರ ಎಂದೂ ನಾನು ಹೇಳಲಾರೆ. ಬೇಡದಿರುವುದು ಅವಳ ಮಾನ. ಆದರೆ ಅದನ್ನು ನಂಬಿಬಿಡುವುದು ನನ್ನ ಸಜ್ಜನಿಕೆಯೇ, ಸೋಮಾರಿತನವೇ? ಎರಡನೆಯದೇ ಎಂದು ಹಿತ್ತಲಿನಲ್ಲಿ ನಿಂತಾಗ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಪುಣೆಗೆ ಬಂದವನೇ ಅಣ್ಣನ ಖಾತೆಗೆ ದುಡ್ಡು ಹಾಕಿದೆ. ಅವ್ವನ ಕಣ್ಣಿನ ಆಪರೇಷನ್ನಿಗೆ ಆದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ತಿರುಗಿ ಕಳಿಸಿದ. "ನಾ ಏನ ಕೂಲಿ ಮಾಡಾಕತ್ತೀನೇನು?" ಎಂದು ಕೇಳಿದ. ಅದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ.

ಚಾಕು ಇನ್ನೂ ಮೊಂಡಾಗಿಯೇ ಇತ್ತು. ನಾನೇ ತಿದ್ದಿಕೊಳ್ಳಬಹುದಿತ್ತು, ಆದರೆ ಕಣ್ಣು ಮೊದಲಿನಂತಿಲ್ಲ, ಮನೆಯಲ್ಲಿ ಆ ಸಲಾಕೆಗಳೂ ಇಲ್ಲ. ಕಮ್ಮಾರ ಕಾಕಾನ ಮಗ ನನ್ನ ಜೊತೆ ಏಳನೇ ಇಯತ್ತೆಯವರೆಗೆ ಓದಿದವನು. ಅವನೂ ನನ್ನ ಹಿಂದೆಯೇ ಪುಣೆಗೆ ಬಂದ, ಈಗ ಭೋಸರಿಯಲ್ಲಿ ಒಂದು ಶೆಡ್ಡಿನಲ್ಲಿ ಎರಡು ಗ್ರೈಂಡಿಂಗ್ ಮಷೀನು ಇಟ್ಟುಕೊಂಡು ಜಾಬ್‌ವರ್ಕ್ ಮಾಡುತ್ತಾನೆ. ಚಾಕು ಕಿಸೆಯಲ್ಲಿಟ್ಟುಕೊಂಡು ಅಲ್ಲಿಗೆ ಹೋದೆ. ಹೋದವನು ಸುಮ್ಮನಿರದೆ, ಗೇಟಿನಲ್ಲಿ ನೆನಪಾದದ್ದನ್ನೆಲ್ಲ ಅವನ ಮುಂದೆ ಹೇಳಿದೆ. ಅಪ್ಪನ ಕಲ್ಲು, ಅವರಪ್ಪನ ಕುಲುಮೆ, ಕಕ್ಕು ಹಾಕುವಾಗಿನ ಸಪ್ಪಳ. ಆಗಿನವರು ವಸ್ತುಗಳನ್ನು ಎಷ್ಟು ಜೋಪಾನ ಮಾಡುತ್ತಿದ್ದರು, ಈಗ ಎಲ್ಲ ಬಿಸಾಡುವ ಕಾಲ, ಎಂದೆಲ್ಲ.

ಅವನು ಸುಮ್ಮನೆ ಕೇಳಿದ. ಆಮೇಲೆ ಅಂದ: "ನಿಮ್ಮಪ್ಪ ಚಾಕೂಕ ತಾನ ಸಾಣಿ ಹಿಡಕೋತಿದ್ದ, ಖರೆ. ಕುಡಗೋಲಿಗೆ ಕಕ್ಕ ಹಾಕಿದವ್ರು ಯಾರು?"

ನಾನು ಸುಮ್ಮನಾದೆ.

"ಊರ ಮಂದಿ ಕುಡಗೋಲಿಗೆಲ್ಲಾ ಒಬ್ಬಾಂವ. ಸುಗ್ಗಿ ಮುಂದ ರಾತ್ರಿ ಎಲ್ಲಾ ಚಿಮಣಿ ಹಚ್ಚಿ ಕೂಡ್ತಿದ್ದ. ಬೆಂಕಿ ನೋಡಿ ನೋಡಿ, ಹಲ್ಲ ಎಣಿಸಿ ಎಣಿಸಿ ಕಣ್ಣ ಹೋದ್ವು. ಆಮ್ಯಾಲೆ ಕಣದಾಗ ನಿಂತು ಕಾಯೂದು. ಎಲ್ಲಾರದೂ ಅಳದ ಮ್ಯಾಲೆ ನಮ್ಮ ಆಯ. ಕೊಟ್ಟಷ್ಟು ತಗೋಬೇಕು, ಇಷ್ಟ ಯಾಕಂತ ಕೇಳೂಹಂಗಿಲ್ಲ. ಬಿಸಾಡೂ ಚಾಕು ಬಂದದ್ದು ನಿನಗ ಬ್ಯಾಸರ. ನನಗ ಅಲ್ಲ."

ಆಯ ಎಂದರೆ ಗೊತ್ತಿಲ್ಲದ ಕಿರಿಯರಿಗೆ ಹೇಳಬೇಕು: ಊರಿನ ಕಮ್ಮಾರ, ಬಡಿಗ, ಕುಂಬಾರ ಮುಂತಾದ ಆಯಗಾರರು ವರ್ಷವೆಲ್ಲ ಮಾಡಿದ ಕೆಲಸಕ್ಕೆ ಸುಗ್ಗಿಯಲ್ಲಿ ರೈತರು ಕೊಡುತ್ತಿದ್ದ ಕಾಳಿನ ಪಾಲು. ಅದನ್ನು ಊರಿನ ಒಗ್ಗಟ್ಟು ಎಂದು ಹೊಗಳುವ ಪುಸ್ತಕಗಳನ್ನು ನಾನೂ ಓದಿದ್ದೇನೆ. ಅದರಲ್ಲಿ ಒಗ್ಗಟ್ಟು ಇರಲಿಲ್ಲವೆಂದಲ್ಲ. ಖಂಡೆಪೂಜೆಯ ದಿನ ಕಾಕಾನ ಸುತ್ತಿಗೆಗೂ ನಮ್ಮ ಕುಡುಗೋಲಿಗೂ ಒಂದೇ ಕುಂಕುಮ. ಆದರೆ ಕಣದಲ್ಲಿ ಯಾರು ಕೂತು ಅಳೆಯುತ್ತಿದ್ದರು, ಯಾರು ನಿಂತು ಕಾಯುತ್ತಿದ್ದರು ಎಂಬುದು ನನಗೂ ಗೊತ್ತಿತ್ತು. ನಾನೇ ಚೀಲ ಹೊತ್ತುಕೊಂಡು ಹೋದವನಲ್ಲವೇ? ನನ್ನ ನೆನಪಿನಲ್ಲಿ ಉಳಿದದ್ದು ಸಪ್ಪಳ. ಅವನ ನೆನಪಿನಲ್ಲಿ ಉಳಿದದ್ದು ಕಣ್ಣು. ಗಂಧದ ಕೊರಡು ತೇದಷ್ಟೂ ಪರಿಮಳ ಅನ್ನುತ್ತೇವೆ, ತೇಯುವವರ ಕೈಯ ಮಾತನ್ನು ಯಾರೂ ಆಡುವುದಿಲ್ಲ.

ಹಾಗಾದರೆ ಮಗನ ಚಾಕುವೇ ಸರಿಯೇ? ಯಾರ ಕಣ್ಣನ್ನೂ ಕೆಡಿಸದ, ಯಾರನ್ನೂ ಕಣದಲ್ಲಿ ನಿಲ್ಲಿಸದ ಚಾಕು? ಅದೂ ಅಷ್ಟು ಸರಳವಲ್ಲ. ಅದರ ಹಲ್ಲನ್ನೂ ಯಾರೋ ತೋಡಿದ್ದಾರೆ, ನನಗೆ ಕಾಣದ ಯಾವುದೋ ಶೆಡ್ಡಿನಲ್ಲಿ. ನಾನು ಅವರ ಮುಖ ನೋಡಬೇಕಾಗಿಲ್ಲ ಅಷ್ಟೇ. ಮೂವತ್ತಾರು ವರ್ಷ ಇಂಥದೇ ಕೆಲಸ ಮಾಡಿದವನಿಗೆ ಇದು ಹೊಳೆಯಲು ಇಷ್ಟು ದಿನ ಬೇಕಾಯಿತು ಎಂದರೆ ನಾಚಿಕೆಯಾಗುತ್ತದೆ. ಗೊಡವೆ ಎಲ್ಲಿಯೂ ಹೋಗಿರುವುದಿಲ್ಲ. ಒಂದು ಕೈಯಿಂದ ಇನ್ನೊಂದು ಕೈಗೆ, ಪುಣೆಯಿಂದ ಊರಿಗೆ, ತಮ್ಮನಿಂದ ಅಣ್ಣನಿಗೆ ದಾಟಿರುತ್ತದೆ. ಅಣ್ಣ ದುಡ್ಡು ತಿರುಗಿ ಕಳಿಸಿದ್ದು ಯಾಕೆಂದು ಭೋಸರಿಯ ಆ ಶೆಡ್ಡಿನಲ್ಲಿ ನಿಂತಾಗ ಸ್ವಲ್ಪ ತಿಳಿದಂತಾಯಿತು. ನಾನು ಕಣದಲ್ಲಿ ಕೂತು ಅವನಿಗೆ ಆಯ ಅಳೆದುಕೊಟ್ಟಿದ್ದೆ.

ಈಗ ತಿಂಗಳಲ್ಲಿ ಹತ್ತು ದಿನ ನಾನು ಊರಿನಲ್ಲಿರುತ್ತೇನೆ. ಆ ಹತ್ತು ದಿನ ಅಣ್ಣ-ವೈನಿ ಮಗಳ ಮನೆಗೆ ಹೋಗಿ ಬರುತ್ತಾರೆ, ಇಲ್ಲದಿದ್ದರೆ ಸುಮ್ಮನೆ ಮಲಗುತ್ತಾರೆ. ಅವ್ವನಿಗೆ ಮೊದಮೊದಲು ಇದು ಸೇರಲಿಲ್ಲ. ಗಂಡುಮಗ ಬಚ್ಚಲತನಕ ಕೈಹಿಡಿದು ಕರೆದೊಯ್ಯುವುದು ಅವಳಿಗೆ ಸಂಕೋಚ. ಬೈಯುತ್ತಾಳೆ. ನಾನು ರೊಟ್ಟಿ ಸುಟ್ಟಿದ್ದೇನೆ ಎಂದು ಬೈಯುತ್ತಾಳೆ, ಚಹಾಕ್ಕೆ ಸಕ್ಕರೆ ಕಡಿಮೆ ಎಂದು ಬೈಯುತ್ತಾಳೆ. ಫೋನಿನಲ್ಲಿ ಎಂದೂ ಹೀಗೆ ಏನನ್ನೂ ಕೇಳಿದವಳಲ್ಲ.

ಗೆಳೆಯ ಅವತ್ತು ಮಾತು ಮುಗಿಸಿ ಚಾಕು ತೆಗೆದುಕೊಂಡ. ಕಪಾಟಿನಿಂದ ತೆಳ್ಳನೆಯ ಡೈಮಂಡ್ ಸಲಾಕೆ ತೆಗೆದು, ಬೆಳಕಿಗೆ ಹಿಡಿದು, ಒಂದೊಂದೇ ಬಾಗನ್ನು ತಿದ್ದುತ್ತ ಹೋದ. ಕನ್ನಡಕ ಹಣೆಯ ಮೇಲೆ ಏರಿಸಿ ಹತ್ತಿರದಿಂದ ನೋಡುವ ರೀತಿ ಥೇಟ್ ಅವರಪ್ಪನದೇ. ನಾನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಅರ್ಧ ತಾಸು ಹಿಡಿಯಿತು. ಕೊನೆಗೆ ಉಗುರಿನ ಮೇಲೆ ಇಟ್ಟು ನೋಡಿ, ಚಾಕು ಮಡಚಿ ಟೇಬಲ್ಲಿನ ಮೇಲೆ ಇಟ್ಟ. ಕೈಗೆ ಕೊಡಲಿಲ್ಲ. ಚಾಕು ಕೈಯಿಂದ ಕೈಗೆ ಕೊಡಬಾರದೆಂದು ನಮ್ಮಲ್ಲಿ ಒಂದು ನಂಬಿಕೆ.

"ನೂರಾ ಇಪ್ಪತ್ತ ಆತು" ಅಂದ.

"ಗೆಳ್ಯಾನ ಕಡೆಯಿಂದ ಇಷ್ಟು ತಗೋತೀಯೇನಲೇ?"

"ಹಲ್ಲಿಗೆ ಹತ್ತ ರೂಪಾಯಿ. ಹನ್ನೆರಡ ಹಲ್ಲ ಅದಾವ, ಬೇಕಂದ್ರ ಎಣಿಸ್ಕೋ."

ಇನ್ನೂರು ಕೊಟ್ಟೆ. ಅವನ ಗಲ್ಲೆಯಲ್ಲಿ ಚಿಲ್ಲರೆ ಇರಲಿಲ್ಲ. ಇರಲಿ ಬಿಡು ಎಂಬ ಮಾತು ನನ್ನ ಬಾಯಿಗೆ ಬಂದಿತ್ತು, ಅಷ್ಟರಲ್ಲಿ ಅವನು ಕೆಲಸದ ಹುಡುಗನನ್ನು ಎದುರಿನ ಚಹಾದ ಅಂಗಡಿಗೆ ಓಡಿಸಿದ. ಎಂಬತ್ತು ರೂಪಾಯಿ ಬರುವವರೆಗೂ ಇಬ್ಬರೂ ಬಾಗಿಲಲ್ಲಿ ನಿಂತಿದ್ದೆವು.